ಕೋಟಿನೊಳಗೆ ತೂರಿಸಿದ ಕೈ ಏನು ಹೇಳುತ್ತದೆ?

ಪ್ರಶ್ನೆ: ಮಗಳ ಮನೆಗೆಂದು ಲಂಡನ್‌ಗೆ ಹೋಗಿದ್ದಾಗ ನ್ಯಾಷನಲ್ ಗ್ಯಾಲರಿ ಮತ್ತು ಇನ್ನೆರಡು ಕಡೆ 18ನೇ ಶತಮಾನದ ಭಾವಚಿತ್ರಗಳನ್ನು ನೋಡಿದೆ. ಎಷ್ಟೋ ಗಂಡಸರು ಒಂದು ಕೈಯನ್ನು ಕೋಟಿನ ಗುಂಡಿಗಳ ನಡುವೆ ತೂರಿಸಿಕೊಂಡು ನಿಂತಿರುತ್ತಾರೆ. ಇದು ಫ್ರೀಮೇಸನ್ನರು ಎಂಬ ರಹಸ್ಯ ಸಂಘದವರ ಗುಪ್ತ ಸಂಜ್ಞೆ ಅಂತ ಒಂದು ಯೂಟ್ಯೂಬ್ ವಿಡಿಯೊ ಹೇಳುತ್ತದೆ. ಕೈ ಬರೆಯಲು ಚಿತ್ರಕಾರರು ಜಾಸ್ತಿ ದುಡ್ಡು ಕೇಳುತ್ತಿದ್ದರು, ಅದಕ್ಕೇ ಕೈ ಬಚ್ಚಿಟ್ಟಿದ್ದಾರೆ ಅಂತ ನಮ್ಮ ಅಳಿಯಂದಿರು ಹೇಳುತ್ತಾರೆ. ಹೆಂಗಸರ ಮಡಿಲಲ್ಲಿ ನಾಯಿ, ಕೈಯಲ್ಲಿ ಹೂವು, ಬೀಸಣಿಗೆ. ಭರತನಾಟ್ಯದ ಹಸ್ತಮುದ್ರೆಗಳಿಗೆ ಇರುವ ಹಾಗೆ ಇವಕ್ಕೂ ಇಂಥದ್ದಕ್ಕೆ ಇಂಥ ಅರ್ಥ ಎನ್ನುವ ಪಟ್ಟಿ ಏನಾದರೂ ಇದೆಯೇ?

ಉತ್ತರ: ವಿಡಿಯೊದ ಮಾತನ್ನು ಪಕ್ಕಕ್ಕಿಡಿ. ನಿಮ್ಮ ಅಳಿಯಂದಿರ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಆದರೆ ಅವರು ಹೇಳಿದ ರೀತಿಯಲ್ಲಿ ಅಲ್ಲ. ಇನ್ನು ಪಟ್ಟಿಯ ವಿಷಯ. ಪಟ್ಟಿಗಳು ಇದ್ದವು. ಅವನ್ನು ಹಿಡಿದು ಈ ಚಿತ್ರಗಳನ್ನು ಓದಲು ಹೊರಟರೆ ಮಾತ್ರ ದಾರಿ ತಪ್ಪುತ್ತೀರಿ. ನನ್ನ ಕೇಳಿದರೆ, ಒಂದು ಭಾವಚಿತ್ರದ ಮುಂದೆ ನಿಂತಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಈ ಸನ್ನೆಗೆ ಏನರ್ಥ’ ಎಂಬುದಲ್ಲ. ಇದನ್ನು ಬರೆಸಿದವರು ಯಾರು, ಯಾರು ನೋಡಲಿ ಅಂತ ಬರೆಸಿದರು, ಆ ವರ್ಷ ಅವರ ಬದುಕಿನಲ್ಲಿ ಏನು ನಡೆದಿತ್ತು? ಇದು ಗೊತ್ತಾದರೆ ಸನ್ನೆ ತಾನೇ ಬಾಯಿ ಬಿಡುತ್ತದೆ.

ಕೋಟಿನೊಳಗಿನ ಕೈಯಿಂದಲೇ ಶುರುಮಾಡೋಣ. ಸರಿಯಾಗಿ ಹೇಳಬೇಕೆಂದರೆ ಅದು ಕೋಟಲ್ಲ, ಕೋಟಿನ ಒಳಗೆ ತೊಡುತ್ತಿದ್ದ ವೇಸ್ಟ್‌ಕೋಟು. ಆಗಿನ ವೇಸ್ಟ್‌ಕೋಟು ತೊಡೆಯವರೆಗೂ ಉದ್ದ ಇರುತ್ತಿತ್ತು, ಗುಂಡಿಗಳು ಸಾಲುಸಾಲು. ಎಲ್ಲ ಗುಂಡಿ ಹಾಕಿಕೊಳ್ಳುವ ರೂಢಿ ಇರಲಿಲ್ಲ. ಕೈ ಇಟ್ಟುಕೊಳ್ಳಲು ಹೇಳಿಮಾಡಿಸಿದ ಜಾಗ. 1737ರಲ್ಲಿ ಲಂಡನ್‌ನಲ್ಲಿ ಫ್ರಾಂಸ್ವಾ ನಿವೆಲೋನ್ ಎಂಬ ನೃತ್ಯಶಿಕ್ಷಕ ಸಭ್ಯ ನಡವಳಿಕೆಯ ಮೇಲೆ ಒಂದು ಪುಸ್ತಕ ಹೊರತಂದ. ಆಗ ನೃತ್ಯದ ಮೇಷ್ಟರು ಎಂದರೆ ಕುಣಿತ ಕಲಿಸುವವರು ಮಾತ್ರ ಅಲ್ಲ. ಹೇಗೆ ನಿಲ್ಲಬೇಕು, ಹೇಗೆ ನಡೆಯಬೇಕು, ಟೋಪಿ ಹೇಗೆ ತೆಗೆಯಬೇಕು, ದೊಡ್ಡವರ ಮುಂದೆ ಎಷ್ಟು ಬಾಗಬೇಕು, ಎಲ್ಲ ಅವರೇ ಕಲಿಸಬೇಕು. ಆ ಪುಸ್ತಕದ ಚಿತ್ರಗಳನ್ನು ಬರೆದುಕೊಟ್ಟವನು ಬಾರ್ಥೊಲೊಮ್ಯೂ ಡ್ಯಾಂಡ್ರಿಜ್, ಅವನೂ ಭಾವಚಿತ್ರಕಾರನೇ. ಒಂದು ಕೈ ವೇಸ್ಟ್‌ಕೋಟಿನೊಳಗೆ ಇಟ್ಟು ನೆಟ್ಟಗೆ ನಿಲ್ಲುವ ಭಂಗಿಯನ್ನು ನಿವೆಲೋನ್ ಹೊಗಳುತ್ತಾನೆ. ಅವನ ಲೆಕ್ಕದಲ್ಲಿ ಅದು ವಿನಯದಿಂದ ಹದಗೊಂಡ ಧೈರ್ಯ. ಎದೆ ಎತ್ತಿ ನಿಂತಿದ್ದೀರಿ, ಆದರೆ ಕೈ ಬೀಸಿ ಅಬ್ಬರ ಮಾಡುತ್ತಿಲ್ಲ. ಇಂಗ್ಲೆಂಡಿನ ದೊಡ್ಡ ಮನುಷ್ಯರಿಗೆ ತಮ್ಮ ಬಗ್ಗೆ ಇದ್ದ ಕಲ್ಪನೆಯೂ ಇದೇ. ಹಾಗಾಗಿ ಭಂಗಿ ಅಂಟಿಕೊಂಡಿತು.

ನಿವೆಲೋನ್ ಇದನ್ನು ಕನಸು ಕಂಡು ಬರೆದದ್ದಲ್ಲ. ಇದರ ಬೇರು ಗ್ರೀಸಿನಲ್ಲಿದೆ. ಕ್ರಿಸ್ತಪೂರ್ವ 4ನೇ ಶತಮಾನದ ಅಥೆನ್ಸಿನಲ್ಲಿ ಈಸ್ಕಿನಿಸ್ ಎಂಬ ವಾಗ್ಮಿ ಇದ್ದ. ಹಳೆಯ ಕಾಲದ ಮರ್ಯಾದಸ್ಥರು ಭಾಷಣ ಮಾಡುವಾಗ ಕೈಯನ್ನು ಮೇಲುವಸ್ತ್ರದ ಒಳಗೆ ಇಟ್ಟುಕೊಳ್ಳುತ್ತಿದ್ದರು, ಈಗಿನವರಿಗೆ ನಾಚಿಕೆಯಿಲ್ಲ, ಕೈ ಹೊರಗೆ ಚಾಚುತ್ತಾರೆ ಎಂದು ಅವನು ವಾದಿಸಿದ. ಸಾಕ್ಷಿಯಾಗಿ ಸಲಾಮಿಸ್‌ನಲ್ಲಿದ್ದ ಸೋಲೋನನ, ಅಂದರೆ ಅಥೆನ್ಸಿಗೆ ಹಿಂದೆ ಕಾನೂನು ಮಾಡಿಕೊಟ್ಟ ಹಿರಿಯನ, ಪ್ರತಿಮೆ ತೋರಿಸಿದ. ಅವನ ಎದುರಾಳಿ ಡೆಮೊಸ್ತನೀಸ್ ಬಿಟ್ಟಾನೆಯೇ? ಆ ಪ್ರತಿಮೆ ನಿಲ್ಲಿಸಿ ಇನ್ನೂ 50 ವರ್ಷ ಆಗಿಲ್ಲ, ಸೋಲೋನ್ ಸತ್ತು ಇನ್ನೂರು ವರ್ಷದ ಮೇಲಾಯಿತು, ಅದನ್ನು ಕೆತ್ತಿದವನು ಅವನನ್ನು ಕಂಡವನಲ್ಲ ಎಂದ. ಆಮೇಲೆ ಇನ್ನೊಂದು ಮಾತು ಹಾಕಿದ. ಭಾಷಣಕ್ಕೆ ನಿಂತಾಗಲ್ಲ, ರಾಯಭಾರಕ್ಕೆ ಹೋದಾಗ ಕೈ ಒಳಗಿಟ್ಟುಕೊಳ್ಳಬೇಕಿತ್ತು ನೀನು. ಅಂದರೆ ಅಲ್ಲಿ ಲಂಚಕ್ಕೆ ಕೈಚಾಚಿದೆ ಅಂತ. ಸನ್ನೆಗಳ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಜಗಳ ಇದು. ಗ್ರೀಕ್, ಲ್ಯಾಟಿನ್ ಓದಿಕೊಂಡೇ ಬೆಳೆಯುತ್ತಿದ್ದ 18ನೇ ಶತಮಾನದ ಇಂಗ್ಲಿಷ್ ಜಮೀನ್ದಾರರ ಮಕ್ಕಳಿಗೆ ಇದೆಲ್ಲ ಪರಿಚಿತ. ವೇಸ್ಟ್‌ಕೋಟಿನೊಳಗೆ ಕೈ ಇಟ್ಟವನು ತನ್ನನ್ನು ಹಳೆಯ ರೋಮಿನ, ಗ್ರೀಸಿನ ಸಭೆಯ ಗೌರವಸ್ಥನ ಸಾಲಿಗೆ ಸೇರಿಸಿಕೊಳ್ಳುತ್ತಿದ್ದ.

ಮತ್ತೆ ಅಷ್ಟೊಂದು ಚಿತ್ರಗಳಲ್ಲಿ ಅದೇ ಭಂಗಿ ಯಾಕೆ? ಇದಕ್ಕೆ ಕಾರಣ ತೀರಾ ಲೌಕಿಕ. 1740ರ ದಶಕದಲ್ಲಿ ಲಂಡನ್‌ನಲ್ಲಿ ಥಾಮಸ್ ಹಡ್ಸನ್ ಬಲು ಬೇಡಿಕೆಯ ಭಾವಚಿತ್ರಕಾರ. ಅವನು ಮುಖ ಬರೆಯುತ್ತಿದ್ದ. ಬಟ್ಟೆ ಬರೆಯಲು ಬೇರೆಯವರು ಇದ್ದರು. ಆಂಟ್‌ವರ್ಪ್‌ನಿಂದ ಬಂದ ಜೋಸೆಫ್ ವಾನ್ ಆಕೆನ್ ಎಂಬವನು ಹಡ್ಸನ್‌ಗೂ ಬಟ್ಟೆ ಬರೆದುಕೊಡುತ್ತಿದ್ದ, ಪ್ರತಿಸ್ಪರ್ಧಿ ಅಲನ್ ರ‍್ಯಾಮ್ಸೆಗೂ ಬರೆದುಕೊಡುತ್ತಿದ್ದ. ರೇಷ್ಮೆಯ ಹೊಳಪು, ಮಖಮಲ್ಲಿನ ನೆರಿಗೆ, ಲೇಸು, ಎಲ್ಲ ಅವನ ಕೈಚಳಕ. 1749ರಲ್ಲಿ ಅವನು ಸತ್ತಾಗ ಲಂಡನ್ನಿನ ಚಿತ್ರಕಾರ ಹೊಗಾರ್ತ್ ಒಂದು ವ್ಯಂಗ್ಯಚಿತ್ರ ಬರೆದ ಎಂಬ ಕಥೆಯಿದೆ. ಊರಿನ ಭಾವಚಿತ್ರಕಾರರೆಲ್ಲ ಗೋಳಾಡುತ್ತ ಅವನ ಹೆಣದ ಹಿಂದೆ ಹೋಗುವ ಚಿತ್ರ. ಒಬ್ಬನೇ ಬಟ್ಟೆಗಾರ, ಹತ್ತಾರು ಚಿತ್ರಕಾರರು. ಭಂಗಿಗಳು ಒಂದೇ ಥರ ಇರದೆ ಇನ್ನೇನು? ಗಿರಾಕಿ ಬಂದು ಮುಖಕ್ಕೆ ಮಾತ್ರ ಕೂರುತ್ತಿದ್ದ. ಉಳಿದ ಮೈ ಆಮೇಲೆ ತಯಾರಾಗುತ್ತಿತ್ತು.

ಫ್ರೀಮೇಸನ್ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಆ ಕಾಲದಲ್ಲಿ ಫ್ರೀಮೇಸನ್ನರು ತುಂಬ ಜನ ಇದ್ದರು, ಹೊಗಾರ್ತ್ ಕೂಡ ಒಬ್ಬ. ತಾವು ಮೇಸನ್ ಎಂದು ತೋರಿಸಿಕೊಳ್ಳಬೇಕಾದಾಗ ಅವರು ಏಪ್ರನ್ ಕಟ್ಟಿ, ಕೈವಾರ ಮತ್ತು ಮೂಲೆಮಟ್ಟದ ಪದಕ ಹಾಕಿಕೊಂಡು ರಾಜಾರೋಷವಾಗಿ ಬರೆಸಿಕೊಂಡರು. ಗೋಡೆಗೆ ತೂಗುಹಾಕುವ ಚಿತ್ರದಲ್ಲಿ ಗುಟ್ಟು ಇಡುವುದು ಎಂಥ ಗುಟ್ಟು, ಅಲ್ವಾ? ನೆಪೋಲಿಯನ್‌ನ ಕಥೆಯೂ, ಅಂದರೆ ಹೊಟ್ಟೆನೋವಿಗೆ ಅವನು ಕೈ ಕೋಟಿನೊಳಗೆ ಇಟ್ಟುಕೊಳ್ಳುತ್ತಿದ್ದ ಎನ್ನುವುದೂ, ಇದೇ ಜಾತಿಯದು. ಫ್ರೆಂಚ್ ಚಿತ್ರಕಾರ ದಾವಿದ್ 1812ರಲ್ಲಿ ಬರೆದ ಪ್ರಸಿದ್ಧ ಚಿತ್ರಕ್ಕೆ ನೆಪೋಲಿಯನ್ ಕೂರಲೇ ಇಲ್ಲ. ಬರೆಸಿದವನು ಸ್ಕಾಟ್ಲೆಂಡಿನ ಒಬ್ಬ ಶ್ರೀಮಂತ. ಹಿಂದಿನ ಗಡಿಯಾರ 4 ಗಂಟೆ 13 ನಿಮಿಷ ತೋರಿಸುತ್ತದೆ, ಮೇಣದಬತ್ತಿಗಳು ಉರಿದು ತಳ ಮುಟ್ಟಿವೆ. ಚಕ್ರವರ್ತಿ ಬೆಳಗಿನ ಜಾವದವರೆಗೂ ಪ್ರಜೆಗಳಿಗಾಗಿ ಕಾನೂನು ಬರೆಯುತ್ತಿದ್ದಾನೆ ಅಂತ. ಆ ಕೈ ನಮ್ಮ ಹಳೆಯ ವೇಸ್ಟ್‌ಕೋಟಿನ ಕೈಯೇ, ಆ ಹೊತ್ತಿಗೆ ಸ್ವಲ್ಪ ಹಳತಾಗಿದ್ದ ಫ್ಯಾಷನ್.

ಇನ್ನು ದುಡ್ಡು. ಕೈಗೊಂದು ರೇಟು, ಕಾಲಿಗೊಂದು ರೇಟು ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ರೇಟು ಇದ್ದದ್ದು ಕ್ಯಾನ್ವಾಸಿನ ಅಳತೆಗೆ. 30 ಅಂಗುಲ ಉದ್ದ, 25 ಅಂಗುಲ ಅಗಲದ ಕ್ಯಾನ್ವಾಸ್ ತಗೊಂಡರೆ ತಲೆ, ಭುಜ ಇಷ್ಟೇ. 36ಕ್ಕೆ 28 ಅಂಗುಲದ್ದಕ್ಕೆ ಕಿಟ್-ಕ್ಯಾಟ್ ಎಂದು ಹೆಸರು. ಆ ಹೆಸರಿನ ಲಂಡನ್ ಕ್ಲಬ್ಬಿನ ಸದಸ್ಯರನ್ನು ಗಾಡ್‌ಫ್ರಿ ನೆಲ್ಲರ್ ಬರೆದ ಅಳತೆ ಅದು. ಅದರಲ್ಲಿ ಒಂದು ಕೈಗೆ ಜಾಗ ಸಿಗುತ್ತದೆ. 50ಕ್ಕೆ 40 ಅಂಗುಲವಾದರೆ ಎರಡೂ ಕೈ ಬಂತು. ಆಳೆತ್ತರದ್ದಾದರೆ ಕಾಲು, ಬೂಟು, ಮರ, ಕಂಬ, ಆಕಾಶ ಎಲ್ಲ. ಜೋಶುವ ರೆನಾಲ್ಡ್ಸ್ 1780ರ ದಶಕದಲ್ಲಿ ತಲೆಗೆ 50 ಗಿನಿ, ಅರ್ಧ ಅಳತೆಗೆ 100 ಗಿನಿ, ಆಳೆತ್ತರಕ್ಕೆ 200 ಗಿನಿ ತೆಗೆದುಕೊಳ್ಳುತ್ತಿದ್ದ. ಹಾಗಾಗಿ ಕೈ ಕಾಣಬೇಕಾದರೆ ಜಾಸ್ತಿ ದುಡ್ಡು ಬಿಚ್ಚಬೇಕಿತ್ತು ಎಂಬುದು ನಿಜ. ಅಳಿಯಂದಿರಿಗೆ ಇಷ್ಟು ಹೇಳಿ. ಆದರೆ ಅರ್ಧ ಅಳತೆಗೆ ದುಡ್ಡು ಕೊಟ್ಟ ಮೇಲೆ ಕೈ ಒಳಗಿಟ್ಟರೆ ಬಿಲ್ಲಿನಲ್ಲಿ ಒಂದು ಗಿನಿಯೂ ಕಮ್ಮಿ ಆಗುತ್ತಿರಲಿಲ್ಲ. ಚಿತ್ರಕಾರನಿಗೆ ಕೆಲಸ ಉಳಿತಾಯ ಆಗುತ್ತಿತ್ತು, ಅದು ಬೇರೆ ಮಾತು. ಬೆರಳು ಬರೆಯುವುದು ಯಾರಿಗೂ ಸುಲಭವಲ್ಲ.

ಈಗ ನಿಮ್ಮ ಪಟ್ಟಿ. 1593ರಲ್ಲಿ ಇಟಲಿಯ ಚೆಸರೆ ರೀಪಾ ಒಂದು ದೊಡ್ಡ ಸಂಕೇತಕೋಶ ಮಾಡಿದ. ನ್ಯಾಯ, ಸತ್ಯ, ಅಸೂಯೆ ಇಂಥವನ್ನೆಲ್ಲ ಹೆಣ್ಣುರೂಪದಲ್ಲೋ ಗಂಡುರೂಪದಲ್ಲೋ ಹೇಗೆ ಬರೆಯಬೇಕು, ಕೈಗೆ ಏನು ಕೊಡಬೇಕು ಎಂದು ಅದರಲ್ಲಿ ಹೇಳಿದ್ದಾನೆ. 18ನೇ ಶತಮಾನದಲ್ಲೂ ಅದು ಚಾಲ್ತಿಯಲ್ಲಿತ್ತು. 1644ರಲ್ಲಿ ಇಂಗ್ಲೆಂಡಿನ ಜಾನ್ ಬುಲ್ವರ್ ಕೈಸನ್ನೆಗಳ ಮೇಲೇ ಒಂದು ಪುಸ್ತಕ ಬರೆದ. ಭಾಷಣಕಾರರಿಗೆ ಅನುಕೂಲವಾಗಲಿ ಅಂತ ಚಿತ್ರಸಮೇತ. ಇವುಗಳನ್ನು ನಮ್ಮ ಹಸ್ತಮುದ್ರೆಯ ಶ್ಲೋಕಗಳ ಜೊತೆ ಹೋಲಿಸಿದ್ದೀರಿ. ಹೋಲಿಕೆ ಸರಿಯಾಗೇ ಇದೆ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸರಿ. ಪತಾಕ ಹಸ್ತವೊಂದಕ್ಕೇ ಎಷ್ಟು ವಿನಿಯೋಗಗಳಿವೆ! ಮೋಡವೂ ಆಗುತ್ತದೆ, ಕಾಡೂ ಆಗುತ್ತದೆ, ನದಿಯೂ ಆಗುತ್ತದೆ. ಯಾವುದು ಅಂತ ಹೇಳುವುದು ಪದ, ಕಥೆ, ಕಲಾವಿದೆಯ ಕಣ್ಣು. ಭಾವಚಿತ್ರದಲ್ಲೂ ಹಾಗೆಯೇ, ಬರೀ ಕೈ ನೋಡಿ ಹೇಳಲಾಗದು.

ನಾಯಿಯನ್ನೇ ತೆಗೆದುಕೊಳ್ಳಿ. ಪಟ್ಟಿ ಮಾಡುವವರು ನಾಯಿ ಎಂದರೆ ನಿಷ್ಠೆ, ಗಂಡನಿಗೆ ಹೆಂಡತಿಯ ನಿಷ್ಠೆ ಎಂದು ಬರೆದುಬಿಡುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜಾನ್ ಸಿಂಗಲ್ಟನ್ ಕಾಪ್ಲಿ ಸುಮಾರು 1763ರಲ್ಲಿ ಬರೆದ ಶ್ರೀಮತಿ ಬವರ್ಸ್ ಎಂಬ ಅಮೆರಿಕದ ಹೆಂಗಸಿನ ಚಿತ್ರ ಇದೆ. ಮಡಿಲಲ್ಲಿ ಮುದ್ದಾದ ಪುಟ್ಟ ನಾಯಿ, ಅದನ್ನು ಹಿಡಿದ ನಾಜೂಕಾದ ಕೈ. ಸ್ವಾರಸ್ಯ ಏನೆಂದರೆ ಆ ನಾಯಿ, ಆ ಕೈ, ಆ ಉಡುಪು, ಕೂತ ರೀತಿ ಯಾವುದೂ ಅವರದಲ್ಲ. ರೆನಾಲ್ಡ್ಸ್ ಲಂಡನ್‌ನಲ್ಲಿ ಲೇಡಿ ಕ್ಯಾರೊಲಿನ್ ರಸೆಲ್ ಅವರ ಚಿತ್ರ ಬರೆದಿದ್ದ. ಅದರ ಅಚ್ಚುಪ್ರತಿ ಬಾಸ್ಟನ್ನಿಗೆ ಬಂತು. ಆಗಿನ್ನೂ ಯುರೋಪಿನ ಮುಖ ನೋಡದ ಕಾಪ್ಲಿ ಆ ಅಚ್ಚನ್ನು ಮುಂದಿಟ್ಟುಕೊಂಡು ಮುಖ ಒಂದನ್ನು ಬದಲಾಯಿಸಿ ಉಳಿದದ್ದನ್ನು ಹಾಗೇ ಇಳಿಸಿದ. ಈಗ ಹೇಳಿ, ಆ ನಾಯಿ ಯಾರ ನಿಷ್ಠೆ? ಲಂಡನ್‌ನ ಲೇಡಿಯ ಹಾಗೆ ತಾನೂ ಕಾಣಬೇಕು ಎನ್ನುವ ಆಸೆ ಅಲ್ಲಿರುವುದು. ಅದೂ ಒಂದು ಅರ್ಥವೇ, ಆದರೆ ಯಾವ ಕೋಶದಲ್ಲೂ ಸಿಗದ ಅರ್ಥ.

ಹಾಗೆ ಎರವಲು ತರುವುದನ್ನು ಆಗ ಯಾರೂ ಕಳ್ಳತನ ಎನ್ನುತ್ತಿರಲಿಲ್ಲ, ಹೆಚ್ಚುಕಮ್ಮಿ. 1768ರಲ್ಲಿ ಶುರುವಾದ ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷ ರೆನಾಲ್ಡ್ಸೇ ಹಳೆಯ ಮಹಾಚಿತ್ರಗಳಿಂದ ಭಂಗಿ ತಂದು ಗಿರಾಕಿಗಳಿಗೆ ತೊಡಿಸುತ್ತಿದ್ದ. ಅವನಿಗೆ ಹೆಸರು ತಂದುಕೊಟ್ಟ ಕಮಡೋರ್ ಕೆಪ್ಪೆಲ್‌ನ ಚಿತ್ರ 1752-53ರದು, ಈಗ ಗ್ರೀನಿಚ್‌ನಲ್ಲಿದೆ. ಬಿರುಗಾಳಿಯ ಕಡಲತೀರದಲ್ಲಿ ಕೈ ಮುಂದೆ ಚಾಚಿ ದಾಪುಗಾಲು ಹಾಕುತ್ತಿರುವ ನೌಕಾಧಿಕಾರಿ. ಆ ನಡಿಗೆ ರೋಮಿನ ಪ್ರಸಿದ್ಧ ಅಪೊಲೊ ಪ್ರತಿಮೆಯದು. ಹಿಂದಿನ ಕಡಲು ಮಾತ್ರ ಕೆಪ್ಪೆಲ್‌ನದೇ: 1747ರಲ್ಲಿ ಫ್ರೆಂಚ್ ಹಡಗನ್ನು ಅಟ್ಟಿಸಿಕೊಂಡು ಹೋಗಿ ಅವನ ಹಡಗು ಬಂಡೆಗೆ ಬಡಿದು ಒಡೆದಿತ್ತು. ಸೋತ ಜಾಗದಲ್ಲೇ ದೇವರ ಭಂಗಿಯಲ್ಲಿ ನಿಲ್ಲಿಸಿದ್ದಾನೆ ರೆನಾಲ್ಡ್ಸ್. ಗೆಳೆಯನ ಕೆಲಸ ಅದು. ಇಟಲಿಗೆ ಹೋಗಲು ಅವನನ್ನು ತನ್ನ ಹಡಗಿನಲ್ಲಿ ಕರೆದೊಯ್ದವನೇ ಕೆಪ್ಪೆಲ್. ಈ ಎರವಲು ನೋಡಿ ಹೊಟ್ಟೆ ಉರಿದುಕೊಂಡವರೂ ಇದ್ದರು. 1775ರಲ್ಲಿ ನಥಾನಿಯೆಲ್ ಹೋನ್ ಒಬ್ಬ ಮಂತ್ರವಾದಿಯ ಚಿತ್ರ ಬರೆದ. ಮುದುಕ ಮಂತ್ರದಂಡ ಆಡಿಸಿದರೆ ಹಳೆಯ ಅಚ್ಚುಚಿತ್ರಗಳು ಹೊಸ ಚಿತ್ರವಾಗಿ ಎದ್ದುಬರುತ್ತವೆ. ಯಾರನ್ನು ಕುರಿತದ್ದು ಎಂದು ಎಲ್ಲರಿಗೂ ತಿಳಿಯಿತು. ಅಕಾಡೆಮಿ ಅದನ್ನು ಪ್ರದರ್ಶನದಿಂದ ತೆಗೆಸಿತು.

ಬೀಸಣಿಗೆಯ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಬಲಕೆನ್ನೆಗೆ ಮುಟ್ಟಿಸಿದರೆ ಹೌದು, ಎಡಕೆನ್ನೆಗೆ ಮುಟ್ಟಿಸಿದರೆ ಇಲ್ಲ ಎನ್ನುವ ‘ಬೀಸಣಿಗೆ ಭಾಷೆ’ಯ ಪಟ್ಟಿಗಳು 19ನೇ ಶತಮಾನದಲ್ಲಿ ಬೀಸಣಿಗೆ ವ್ಯಾಪಾರಿಗಳು ಮಾಲು ಖರ್ಚಾಗಲಿ ಅಂತ ಹಂಚಿದವು. ಪ್ಯಾರಿಸ್ಸಿನ ಡುವೆಲ್‌ರುವಾ ಅಂಗಡಿಯ ಕರಪತ್ರ ಇದರಲ್ಲಿ ಹೆಸರುವಾಸಿ. 18ನೇ ಶತಮಾನದ ಹೆಂಗಸಿನ ಕೈಯ ಬೀಸಣಿಗೆ ಬಹುಪಾಲು ಸುಮ್ನೆ ಬೀಸಣಿಗೆ, ಒಳ್ಳೆಯ ದರದ್ದು ಅಂತ ತೋರಿಸಲಿಕ್ಕೆ.

ಹಾಗಂತ ಯಾವುದಕ್ಕೂ ಅರ್ಥವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನೀವು ಹೋದ ನ್ಯಾಷನಲ್ ಗ್ಯಾಲರಿಯವೇ ಎರಡು ಚಿತ್ರಗಳನ್ನು ಹೇಳುತ್ತೇನೆ. ಒಂದು ರೆನಾಲ್ಡ್ಸ್ 1787ರಲ್ಲಿ ಬರೆದ ಲಾರ್ಡ್ ಹೀತ್‌ಫೀಲ್ಡ್. ಎಪ್ಪತ್ತರ ಹತ್ತಿರದ ಮುದುಕ, ಕೆಂಪು ಕೋಟು, ಕೆಂಪು ಮುಖ. ಕೈಯಲ್ಲಿ ದಪ್ಪನೆಯ ಕೀಲಿಕೈ. ಹತ್ತಿರ ಹೋಗಿ ನೋಡಿದರೆ ಕೀಲಿಯ ಸರಪಳಿಯನ್ನು ಕೈಗೆ ಸುತ್ತಿಕೊಂಡಿದ್ದಾನೆ, ಕೀಲಿಯನ್ನು ಇನ್ನೊಂದು ಅಂಗೈಗೆ ಒತ್ತಿ ಹಿಡಿದಿದ್ದಾನೆ. ಹಿಂದೆ ಕಪ್ಪು ಹೊಗೆ. ಒಂದು ಫಿರಂಗಿ ಇದೆ, ಅದರ ಬಾಯಿ ಕೆಳಕ್ಕೆ ಬಾಗಿದೆ. ಸಾಮಾನ್ಯವಾಗಿ ಫಿರಂಗಿ ಎದುರಿಗೋ ಮೇಲಕ್ಕೋ ನೋಡಬೇಕು. ಇದು ಕೆಳಗೆ ನೋಡುತ್ತದೆ ಯಾಕೆಂದರೆ ಅದು ಸ್ಪೇನಿನ ದಕ್ಷಿಣ ತುದಿಯಲ್ಲಿ ಬ್ರಿಟಿಷರ ಕೈಯಲ್ಲಿದ್ದ ಜಿಬ್ರಾಲ್ಟರ್ ಬಂಡೆಯ ಮೇಲಿದೆ, ಶತ್ರು ಕೆಳಗೆ ಕಡಲಲ್ಲಿದ್ದಾನೆ. 1779ರಿಂದ 1783ರವರೆಗೆ ಸ್ಪೇನ್ ಮತ್ತು ಫ್ರಾನ್ಸ್ ಸೇರಿ ಮುತ್ತಿಗೆ ಹಾಕಿದಾಗ ಕೋಟೆ ಬಿಟ್ಟುಕೊಡದೆ ಹಿಡಿದುಕೊಂಡವನು ಈತ. ಯುದ್ಧದಲ್ಲಿ ಗೆದ್ದ ಸೇನಾಪತಿಗೆ ಕತ್ತಿ ಕೊಟ್ಟು ಬರೆಯುವುದು ವಾಡಿಕೆ. ಆದರೆ ಈತ ಮಾಡಿದ ಕೆಲಸ ಗೆಲ್ಲುವುದಲ್ಲ, ಬಾಗಿಲು ತೆರೆಯದೆ ಇರುವುದು. ಅದಕ್ಕೆ ಕೀಲಿ. ಸರಪಳಿ ಸುತ್ತಿದ ಆ ಬೆರಳುಗಳನ್ನು ನೋಡಿದರೆ ಕಸಿದುಕೊಳ್ಳಲು ಬಂದವರ ಪಾಡು ಗೊತ್ತಾಗುತ್ತದೆ. ಇಲ್ಲಿ ಸನ್ನೆಯೂ ವಸ್ತುವೂ ಬೇರೆ ಬೇರೆ ಅಲ್ಲ. ರೆನಾಲ್ಡ್ಸ್‌ನ ಕೆಲಸದಲ್ಲಿ ನನಗೆ ಕೆಪ್ಪೆಲ್‌ಗಿಂತ ಇದೇ ಮೇಲು.

ಇನ್ನೊಂದು ಗೇನ್ಸ್‌ಬರೊ ಸುಮಾರು 1750ರಲ್ಲಿ ಬರೆದ ಆಂಡ್ರೂಸ್ ದಂಪತಿ. ಓಕ್ ಮರದ ಕೆಳಗೆ ಬೆಂಚು, ಕೂತ ಹೆಂಡತಿ, ಪಕ್ಕದಲ್ಲಿ ಕಾಲು ಅಡ್ಡಹಾಕಿ ಒರಗಿ ನಿಂತ ಗಂಡ, ಕಂಕುಳಲ್ಲಿ ಬಂದೂಕು, ಕಾಲ ಬಳಿ ನಾಯಿ. ಚಿತ್ರದ ಅರ್ಧಕ್ಕೂ ಜಾಸ್ತಿ ಬರೀ ಹೊಲ. ಕಾಲು ಅಡ್ಡಹಾಕುವುದು ಸೋಮಾರಿತನವಲ್ಲ, ಅದೂ ಕಲಿತು ನಿಲ್ಲುವ ಸಲೀಸಿನ ಭಂಗಿ. ಬಂದೂಕು ಶೋಕಿಗೆ ಹಿಡಿದದ್ದಲ್ಲ. 1671ರ ಕಾನೂನಿನ ಪ್ರಕಾರ, ಸ್ಥೂಲವಾಗಿ ಹೇಳುವುದಾದರೆ, ವರ್ಷಕ್ಕೆ 100 ಪೌಂಡ್ ಆದಾಯ ಬರುವ ಸ್ವಂತ ಜಮೀನು ಇದ್ದವರಿಗೆ ಮಾತ್ರ ಬೇಟೆಯ ಹಕ್ಕು. ಬಡ ರೈತ ತನ್ನ ಹೊಲಕ್ಕೆ ಬಂದ ಮೊಲ ಹೊಡೆದರೂ ಅಪರಾಧ. ಹಾಗಾಗಿ ಬಂದೂಕು ಎಂದರೆ ಪಹಣಿ ಪತ್ರ ತೋರಿಸಿದ ಹಾಗೆ. ಬಲಗಡೆಯ ಗೋಧಿ ಕೂಳೆ ನೆಟ್ಟ ಗೆರೆಯಲ್ಲಿದೆ, ಕೈಯಿಂದ ಎರಚಿದ ಬಿತ್ತನೆ ಅಲ್ಲ, ಕೂರಿಗೆಯ ಬಿತ್ತನೆ. ನಾನು ಹೊಸ ಬೇಸಾಯ ಮಾಡುವ ಜಮೀನ್ದಾರ ಅಂತ ಆಂಡ್ರೂಸ್ ಹೇಳುತ್ತಿದ್ದಾನೆ. ನಮ್ಮಲ್ಲಿ ಕೂರಿಗೆ ಎಷ್ಟು ಹಳೆಯದು ಎಂದು ಗೊತ್ತಿದ್ದವರಿಗೆ ಇದು ನಗು ತರಿಸಬಹುದು, ಇಂಗ್ಲೆಂಡಿನಲ್ಲಿ ಅದು ಆಗ ಹೊಸತು.

ಹೆಂಡತಿ ಫ್ರಾನ್ಸಿಸ್ ಅವರ ಮಡಿಲು ನೋಡಿ. ಬೆರಳುಗಳು ಏನನ್ನೋ ಹಿಡಿದ ಹಾಗಿವೆ, ಆದರೆ ಅಲ್ಲಿ ಏನೂ ಇಲ್ಲ. ನೀಲಿ ಸ್ಯಾಟಿನ್ ಸ್ಕರ್ಟಿನ ನಡುವೆ ಒಂದು ಕಂದು ಮಚ್ಚೆ, ಬಣ್ಣ ಹಚ್ಚದೆ ಬಿಟ್ಟ ಜಾಗ. ಗಂಡ ಹೊಡೆದ ಹಕ್ಕಿಯನ್ನು ಇಡಲು ಬಿಟ್ಟಿದ್ದ ಎನ್ನುವವರಿದ್ದಾರೆ. ಮುಂದೆ ಹುಟ್ಟುವ ಮಗುವಿಗೆ ಎನ್ನುವವರೂ ಇದ್ದಾರೆ. ಮದುವೆ ಆದದ್ದು 1748ರಲ್ಲಿ. ಏನೇ ಇರಲಿ, ಸಂಕೇತ ಹುಡುಕುವವರು ಈ ಮಡಿಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಖಾಲಿ ಜಾಗಕ್ಕೂ ಅರ್ಥ ತುಂಬುವ ಆತುರ ನಮಗೆ.

ಖಾಲಿ ಜಾಗವೇ ಮಾತಾಡುವ ಚಿತ್ರ ಬೇಕಾದರೆ ಫ್ರಾನ್ಸಿಗೆ ಹೋಗಬೇಕು. 1783ರಲ್ಲಿ ಎಲಿಜಬೆತ್ ವಿಜೆ ಲೆ ಬ್ರೂನ್ ಎಂಬ ಚಿತ್ರಕಾರ್ತಿ ರಾಣಿ ಮಾರಿ ಆಂಟೊನೆಟ್ಟಳನ್ನು ಬಿಳಿ ಮಸ್ಲಿನ್ ಉಡುಪು, ಹುಲ್ಲಿನ ಟೋಪಿಯಲ್ಲಿ ಬರೆದು ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿಟ್ಟಳು. ಕೈಯಲ್ಲಿ ಗುಲಾಬಿ. ಜನ ಹುಯಿಲೆಬ್ಬಿಸಿದರು: ರಾಣಿ ಒಳಬಟ್ಟೆಯಲ್ಲಿ ನಿಂತಿದ್ದಾಳೆ! ಫ್ರಾನ್ಸಿನ ರೇಷ್ಮೆ ಬಿಟ್ಟು ಪರದೇಶದ ಹತ್ತಿಬಟ್ಟೆ ತೊಟ್ಟಿದ್ದಾಳೆ, ಲಿಯೋನ್‌ನ ನೇಕಾರರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾಳೆ ಎಂಬ ದೂರೂ ಬಂತು. ಚಿತ್ರ ಕೆಳಗಿಳಿಸಿದರು. ಅದರ ಜಾಗಕ್ಕೆ ಅದೇ ಚಿತ್ರಕಾರ್ತಿ ಇನ್ನೊಂದು ಬರೆದುಕೊಟ್ಟಳು. ನಿಲುವು ಹೆಚ್ಚುಕಮ್ಮಿ ಅದೇ, ಗುಲಾಬಿ ಅದೇ. ಮೈಮೇಲೆ ಮಾತ್ರ ರೇಷ್ಮೆ, ಕೊರಳಲ್ಲಿ ಮುತ್ತು. ಎಲ್ಲರೂ ಸುಮ್ಮನಾದರು. ಗುಲಾಬಿಯ ಅರ್ಥ ಹುಡುಕುತ್ತ ಕೂತವರು ಗಲಾಟೆ ಯಾತಕ್ಕೆ ಆಯಿತು ಎಂಬುದನ್ನೇ ಕಳೆದುಕೊಳ್ಳುತ್ತಾರೆ.

ಅಷ್ಟರಲ್ಲಿ 1785ರ ವಜ್ರದ ಹಾರದ ಹಗರಣ. ರಾಣಿ ಆ ಹಾರ ಕೊಂಡೇ ಇರಲಿಲ್ಲ, ಆದರೂ ಕೆಸರು ಮೆತ್ತಿಕೊಂಡಿತು. ಅವಳ ಹೆಸರು ಸರಿಮಾಡಲು ಆಸ್ಥಾನ ಒಂದು ದೊಡ್ಡ ಚಿತ್ರ ಬರೆಸಿತು. 1787ರ ಆ ಚಿತ್ರ ಈಗ ವರ್ಸೈಲ್ಸ್‌ನಲ್ಲಿದೆ. ಈ ಸಲ ಕೆಂಪು ಮಖಮಲ್ಲು, ಮಡಿಲಲ್ಲಿ ಕಿರಿಯ ಮಗ, ತೋಳಿಗೆ ಒರಗಿದ ಮಗಳು, ಮಕ್ಕಳ ನಡುವೆ ಕೂತ ತಾಯಿಯ ಗಾಂಭೀರ್ಯ. ರಾಣಿಯ ಕೊರಳಲ್ಲಿ ಒಂದೂ ಹಾರ ಇಲ್ಲ. ಒಡವೆಯ ಬೀರು ಹಿಂದೆ ಕತ್ತಲಲ್ಲಿದೆ. ನನ್ನ ಮಕ್ಕಳೇ ನನ್ನ ಒಡವೆ ಎಂದ ರೋಮಿನ ತಾಯಿ ಕಾರ್ನೀಲಿಯಳ ಕಥೆ ಆಗಿನ ಓದಿದವರಿಗೆಲ್ಲ ಬಾಯಿಪಾಠ. ಬಲಗಡೆ ನಿಂತ ಹಿರಿಯ ಮಗ, ಯುವರಾಜ, ಕೈಚಾಚಿ ತೊಟ್ಟಿಲು ತೋರಿಸುತ್ತಾನೆ. ತೊಟ್ಟಿಲು ಖಾಲಿ. ಕಿರಿಯ ಮಗಳು ಸೋಫಿ ಆ ವರ್ಷದ ಜೂನ್‌ನಲ್ಲಿ ತೀರಿಕೊಂಡಿದ್ದಳು, ವರ್ಷ ತುಂಬಲು ಇನ್ನೂ ಕೆಲವು ದಿನ ಇತ್ತು. ಬೆರಳು ತೋರಿಸುವ ಸನ್ನೆಗೆ ಕೋಶದಲ್ಲಿ ಏನರ್ಥ ಬರೆಯುತ್ತೀರಿ? ಇಲ್ಲಿ ಅದು ಹೇಳುವುದು, ಈಕೆ ಮಗು ಕಳೆದುಕೊಂಡ ತಾಯಿ ಅಂತ.

ಇಷ್ಟೆಲ್ಲ ಮಾಡಿದರೂ ಚಿತ್ರ ಕೆಲಸ ಮಾಡಲಿಲ್ಲ. ಸಲೋನ್ ಶುರುವಾದಾಗ ಚಿತ್ರ ಇನ್ನೂ ಬಂದಿರಲಿಲ್ಲ, ಬರೀ ಚೌಕಟ್ಟು ಗೋಡೆಯಲ್ಲಿತ್ತು. ದೇಶದ ಖಜಾನೆ ಬರಿದಾಗಿದ್ದ ಕಾಲ. ಅದನ್ನು ನೋಡಿ ಯಾರೋ, ಇಗೋ ಇಲ್ಲಿದೆ ನಮ್ಮ ಕೊರತೆ ಅಂದರಂತೆ. ಇದನ್ನು ವಿಜೆ ಲೆ ಬ್ರೂನ್ ತನ್ನ ನೆನಪುಗಳಲ್ಲಿ ತಾನೇ ಹೇಳಿಕೊಂಡಿದ್ದಾಳೆ. ಎರಡು ವರ್ಷಕ್ಕೆ, 1789ರ ಜೂನ್‌ನಲ್ಲಿ, ತೊಟ್ಟಿಲು ತೋರಿಸಿದ ಆ ಹುಡುಗನೂ ತೀರಿಕೊಂಡ. ಚಿತ್ರದ ಮುಂದೆ ಹಾದುಹೋಗಲಾರದೆ ರಾಣಿ ಅದನ್ನು ತೆಗೆಸಿ ಒಳಗಿಡಿಸಿದಳು. ಕ್ರಾಂತಿಯ ಗಲಾಟೆಯಲ್ಲಿ ಅದು ಉಳಿದದ್ದು ಹೀಗೆ.

ನಮ್ಮ ಕಡೆಯ ಮಾತೂ ಒಂದಿದೆ. ನೀವು ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿರುತ್ತೀರಿ. 1784ರ ಕಟ್ಟಡ, ಅಂದರೆ ರೆನಾಲ್ಡ್ಸ್ ಲಂಡನ್‌ನಲ್ಲಿ ಬರೆಯುತ್ತಿದ್ದ ಕಾಲದ್ದೇ. ಅಲ್ಲಿನ ಪೊಳ್ಳಿಲೂರು ಯುದ್ಧದ ಗೋಡೆಚಿತ್ರದಲ್ಲಿ ಸುತ್ತ ರುಂಡ ಮುಂಡ ಉರುಳುತ್ತಿದ್ದರೂ ಟಿಪ್ಪು ಹೂವು ಮೂಸುತ್ತಾ ಬರುತ್ತಾನೆ. ಸೋತ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಬಾಯಿಗಿಟ್ಟುಕೊಂಡಿದ್ದಾನೆ. ಇಂಗ್ಲಿಷರು ಇದನ್ನು ನೋಡಿ ಹೆದರಿ ಉಗುರು ಕಚ್ಚುತ್ತಿದ್ದಾನೆ ಎಂದರು. ಪರ್ಶಿಯನ್ ಚಿತ್ರಗಳ ಪರಿಚಯ ಇದ್ದವರಿಗೆ ಅದು ಬೇರೆ. ಬಾಯಲ್ಲಿ ಬೆರಳು ಎಂದರೆ ದಂಗುಬಡಿದದ್ದು, ನಾವು ಮೂಗಿನ ಮೇಲೆ ಬೆರಳಿಡುವ ಹಾಗೆ. ಕೈಯಲ್ಲಿ ಹೂವು ಹಿಡಿಯುವುದೂ ಮೊಘಲ್, ದಖನಿ ದೊರೆಗಳ ಚಿತ್ರಗಳಲ್ಲಿ ಹಳೆಯ ಪದ್ಧತಿ. ಅದು ನಾಜೂಕು, ನೆಮ್ಮದಿ. ಪ್ಯಾರಿಸ್ಸಿನ ರಾಣಿಯ ಗುಲಾಬಿಯೂ ಇಲ್ಲಿನ ಹೂವೂ ಒಂದೇ ದಶಕದವು, ಒಂದಕ್ಕೊಂದು ಸಂಬಂಧ ಇಲ್ಲ. ಈ ಗೋಡೆಗಳ ಬಣ್ಣ ಹಲವು ಸಲ ದುರಸ್ತಿಯಾಗಿದೆ ಎಂಬುದನ್ನೂ ನೆನಪಿಡಿ.

ಕೊನೆಯದಾಗಿ ಮೈಸೂರಿನದೇ ಒಂದು ಚಿತ್ರ. ಶತಮಾನ ಐದು ವರ್ಷ ದಾಟಿದೆ, ಪರವಾಗಿಲ್ಲ. ಐರ್ಲೆಂಡಿನ ಥಾಮಸ್ ಹಿಕಿ ಸುಮಾರು 1805ರಲ್ಲಿ ಬರೆದ ಮೂವರು ಹೆಂಗಸರು. ಬಹಳ ಕಾಲ ಇವರನ್ನು ನರ್ತಕಿಯರು ಎಂದೇ ತಿಳಿದಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ನಡುವೆ ಇರುವವರು ಮಹಾರಾಣಿ ಲಕ್ಷ್ಮಮ್ಮಣ್ಣಿ, ಎರಡು ಪಕ್ಕದವರು ಅವರ ಮೊಮ್ಮಗ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ. ಬಲಗಡೆಯವರ ಎಡತೋಳಿನ ಮೇಲೆ ಸೀರೆ ಸೆರಗು ಇರಬೇಕಿತ್ತು, ಇಲ್ಲ. ತೋಳು ತೋರುವಂತೆ ಸೆರಗು ಸರಿಸಿ, ಅಲ್ಲಿಗೆ ಬೆರಳು ಮಾಡಿದ್ದಾರೆ. ಚಾನ್ಸಲರ್ ಅವರ ವಾದ ಇದು: ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ. ಜೆನ್ನರ್ ಇಂಗ್ಲೆಂಡಿನಲ್ಲಿ ಲಸಿಕೆ ಕಂಡುಹಿಡಿದದ್ದು 1796ರಲ್ಲಿ, ಭಾರತಕ್ಕೆ ಬಂದದ್ದು 1802ರಲ್ಲಿ. ಹಸುವಿನ ರೋಗದ ಕೀವನ್ನು ಮೈಗೆ ಚುಚ್ಚಿಸಿಕೊಳ್ಳಲು ಜನ ಹಿಂದೇಟು ಹಾಕುತ್ತಿದ್ದರು. ಅರಮನೆಯ ಸೊಸೆಯೇ ಹಾಕಿಸಿಕೊಂಡಿದ್ದಾರೆ ಎಂದರೆ ಅದರ ತೂಕವೇ ಬೇರೆ. ಎಡಗಡೆಯ ರಾಣಿಯವರ ಮೂಗಿನ ಕೆಳಗೆ, ಬಾಯಿಯ ಸುತ್ತ ಬಣ್ಣ ತಿಳಿಯಾಗಿದೆ. ಸಿಡುಬಿನ ಹಕ್ಕಳೆಯನ್ನು ಒಣಗಿಸಿ ಪುಡಿಮಾಡಿ ಮೂಗಿಗೆ ಊದುವ ಹಳೆಯ ಪದ್ಧತಿಯ ಗುರುತು ಅದು ಎನ್ನುತ್ತಾರೆ ಅವರು. ಸಿಡುಬಿನಿಂದಲೇ ಗಂಡನನ್ನು ಕಳೆದುಕೊಂಡ ಅಜ್ಜಿ ನಡುವೆ ನಿಂತಿದ್ದಾರೆ.

ಈ ಗುರುತಿಸುವಿಕೆ ಒಬ್ಬ ವಿದ್ವಾಂಸರ ವಾದ, ಚಿತ್ರದ ಮೇಲೆ ಬರೆದಿಟ್ಟ ಹೆಸರುಗಳಿಲ್ಲ. ನನಗೆ ಅದು ಒಪ್ಪಿಗೆಯಾಗುತ್ತದೆ. ಆ ತೋಳು, ಆ ಬೆರಳು ಸುಮ್ನೆ ಅಂದಕ್ಕೆ ಬಂದವಲ್ಲ. ನೃತ್ಯದ ಭಂಗಿ ಎಂದು ನೋಡಿದರೆ ಅದಕ್ಕೆ ತಲೆಬುಡ ಇಲ್ಲ. ಚಿತ್ರ ಖಾಸಗಿಯವರ ಕೈಗೆ ಮಾರಾಟವಾಗಿ ಹೋಗಿದೆ, ಆದರೆ ಅಂತರ್ಜಾಲದಲ್ಲಿ ಹಿಕಿಯ ಹೆಸರು, ಮೈಸೂರು ಎಂದು ಹುಡುಕಿದರೆ ಸಿಗುತ್ತದೆ. ದೊಡ್ಡದು ಮಾಡಿ ಎಡಗಡೆಯವರ ತುಟಿಯ ಸುತ್ತಲಿನ ಬಣ್ಣವನ್ನು ಉಳಿದಿಬ್ಬರ ಮುಖದ ಜೊತೆ ಹೋಲಿಸಿ ನೋಡಿ. ನಿಮಗೇನು ಅನಿಸಿತು ಎಂದು ಬರೆದರೆ ಮುಂದಿನ ಸಲ ಅದರಿಂದಲೇ ಮಾತು ಮುಂದುವರಿಸಬಹುದು.